ಮಿಡಿ ಉಪ್ಪಿನಕಾಯಿಗೆ ಐಸ್ ಹಾಕಿಯ ಬಾಜಿ

ನಮ್ಮ ಮನೆಯವರು ಜೀವನದಲ್ಲಿ ಒಮ್ಮೆಯೂ ಮಂಜುಗಡ್ಡೆಯ ಮೇಲೆ ಕಾಲಿಟ್ಟವರಲ್ಲ. ಮಾರ್ಕೆಟ್ಟಿನಲ್ಲಿ ಮೀನಿನ ಅಂಗಡಿಯ ಐಸ್ ಕರಗಿ ಹರಿದ ನೀರನ್ನು ದಾಟುವಾಗಲೂ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಅಂಥವರು ಹೋದ ವರ್ಷ ಒಂದೆರಡು ತಿಂಗಳು ಐಸ್ ಹಾಕಿಯ ಮಹಾಪಂಡಿತರಾಗಿಬಿಟ್ಟಿದ್ದರು. ಅದಕ್ಕೆ ಕಾರಣ ಒಂದು ಭರಣಿ ಉಪ್ಪಿನಕಾಯಿ.

ನಮ್ಮ ಅತ್ತೆ ಮೈಸೂರಿನಲ್ಲಿ ನನ್ನ ನಾದಿನಿಯ ಜೊತೆ ಇದ್ದಾರೆ. ಭಜನೆ, ವಾಕಿಂಗ್, ಎದುರುಮನೆಯವರ ಜೊತೆ ಸೀರಿಯಲ್ ಚರ್ಚೆ ಎಂದು ನಮ್ಮೆಲ್ಲರಿಗಿಂತ ಬಿಡುವಿಲ್ಲದ ಜೀವ. ಮಾವಿನ ಮಿಡಿ ಬರುವ ಕಾಲಕ್ಕೆ ಅವರು ವರ್ಷವೂ ಎರಡು ಭರಣಿ ಉಪ್ಪಿನಕಾಯಿ ಹಾಕುತ್ತಿದ್ದರು. ಒಂದು ಸಿಂಗಾಪುರದ ನಮಗೆ, ಇನ್ನೊಂದು ಕೆನಡಾದಲ್ಲಿರುವ ನನ್ನ ಮೈದುನನಿಗೆ. ಮಿಡಿ ಆರಿಸುವುದು, ಉಪ್ಪಿಗೆ ಹಾಕುವುದು, ಸಾಸಿವೆ ಅರೆಯುವುದು ಎಲ್ಲ ಅವರೇ. ಬೇರೆಯವರ ಕೈ ಸೋಕಿದರೆ ಕೆಡುತ್ತದೆ ಎನ್ನುವುದು ಅವರ ಕಟ್ಟುನಿಟ್ಟು. ಅದೇ ಮನೆಯಲ್ಲಿರುವ ಮಗಳಿಗೂ ಭರಣಿಯ ಹತ್ತಿರ ಸುಳಿಯುವ ಹಕ್ಕಿಲ್ಲ, ತಿನ್ನುವ ಹಕ್ಕು ಮಾತ್ರ.

ಹೋದ ವರ್ಷ ಅತ್ತೆ ಫೋನಿನಲ್ಲಿ ಹೇಳಿದರು: "ಕೈಗಂಟು ನೋಯ್ತವೆ ಕಣ್ರೋ. ಈ ಸಲ ಒಂದೇ ಭರಣಿ. ಯಾರಿಗೆ ಅಂತ ಅಣ್ಣ ತಮ್ಮ ನೀವೇ ಮಾತಾಡ್ಕೊಳ್ಳಿ."

ಮಾತಾಡಿಕೊಂಡರು, ನೋಡುವ ಹಾಗಿತ್ತು. "ನೀನೇ ಇಟ್ಕೊಳ್ಳೋ, ನಿಂಗೆ ಅಲ್ಲಿ ಏನೂ ಸಿಗಲ್ಲ," ಎಂದು ಇವರು. "ಇಲ್ಲಣ್ಣ, ನೀನು ದೊಡ್ಡೋನು, ನಿನಗೇ ಇರ್ಲಿ," ಎಂದು ಅವನು. ಫೋನ್ ಇಟ್ಟ ಮೇಲೆ ಇವರು ನನ್ನ ಕಡೆ ತಿರುಗಿ, "ನೋಡಿದ್ಯಾ, ಒಂದು ಸಲ ಹೇಳಿದ್ದಕ್ಕೇ ಒಪ್ಕೊಂಡ್ಬಿಡ್ತಾನೇನೋ ಅಂತ ಭಯ ಆಗೋಯ್ತು," ಎಂದರು. ಆ ಕಡೆ ಮೈದುನನೂ ತನ್ನ ಹೆಂಡತಿಗೆ ಇದನ್ನೇ ಹೇಳಿದನಂತೆ. ಅವಳು ಆಮೇಲೆ ನನಗೆ ಮೆಸೇಜ್ ಮಾಡಿ ನಕ್ಕಳು.

ಈ ಸೌಜನ್ಯದ ಹಗ್ಗಜಗ್ಗಾಟ ಕೆಲವು ವಾರ ನಡೆದ ಮೇಲೆ ಮೈದುನನೇ ದಾರಿ ಹುಡುಕಿದ. ಅವನ ಊರಿನಲ್ಲಿ ಐಸ್ ಹಾಕಿ ಎಂದರೆ ನಮ್ಮಲ್ಲಿಯ ಕ್ರಿಕೆಟ್ ಇದ್ದ ಹಾಗೆ. ಊರಿಗೊಂದು ತಂಡ, ಆ ತಂಡಕ್ಕೆ ಇವನೊಬ್ಬ ಭಕ್ತ. ವೀಡಿಯೊ ಕಾಲಿಗೂ ತಂಡದ ಅಂಗಿ ಹಾಕಿಕೊಂಡೇ ಕೂರುತ್ತಾನೆ.

"ಬೆಟ್ ಕಟ್ಟೋಣ ಅಣ್ಣ. ಪ್ಲೇ ಆಫ್ ಶುರುವಾಗುತ್ತೆ. ಮೊದಲನೇ ರೌಂಡಲ್ಲಿ ಪ್ರತಿ ಮ್ಯಾಚೂ ಯಾರು ಗೆಲ್ತಾರೆ ಅಂತ ಇಬ್ರೂ ಮುಂಚೆನೇ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕೋದು. ಯಾರ್ದು ಜಾಸ್ತಿ ಸರಿಯಾಗುತ್ತೋ ಅವರಿಗೆ ಭರಣಿ."

"ದುಡ್ಡಿನ ಮಾತು ಬಂದ್ರೆ ಈ ದೇಶದ ಕಾನೂನು ಬಿಟ್ರೂ ನಾನು ಬಿಡಲ್ಲ," ಎಂದು ನಾನು ಹಿಂದಿನಿಂದ ಕೂಗಿದೆ.

"ದುಡ್ಡು ಯಾರಿಗೆ ಬೇಕು ಅತ್ತಿಗೆ! ಉಪ್ಪಿನಕಾಯಿ ಬೇಕು."

ಸಮ ಬಂದರೆ ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಗ್ರೂಪಿನಲ್ಲಿ ಸುಮ್ಮನೆ ಓದುತ್ತಿದ್ದ ನಾದಿನಿ ತಟ್ಟನೆ, "ಸಮ ಬಂದ್ರೆ ನಂಗೆ," ಎಂದು ಹಾಕಿದಳು. ಇಬ್ಬರಿಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅತ್ತೆಗೆ ಮಾತ್ರ ಈ ವಿಷಯ ಗೊತ್ತಾಗಬಾರದು ಎಂದು ಎಲ್ಲರೂ ಒಪ್ಪಿದೆವು. ಜುಲೈನಲ್ಲಿ ಮೈದುನನ ಸಂಸಾರ ಮೈಸೂರಿಗೆ ಹೋಗಿ, ವಾಪಸಾಗುವಾಗ ಸಿಂಗಾಪುರದಲ್ಲಿ ನಮ್ಮಲ್ಲಿ ಎರಡು ದಿನ ಇಳಿದುಕೊಳ್ಳುವುದು ಮೊದಲೇ ಗೊತ್ತಾಗಿತ್ತು. ಹಾಗಾಗಿ ನಾದಿನಿಗೆ ಸಿಗದಿದ್ದರೆ ಭರಣಿ ನಮ್ಮ ಮನೆಗೆ ಬರುವುದಂತೂ ಖಂಡಿತ. ಇಲ್ಲೇ ಉಳಿಯುತ್ತದೋ ಮುಂದಿನ ವಿಮಾನ ಹತ್ತುತ್ತದೋ ಎನ್ನುವುದಷ್ಟೇ ತೀರ್ಮಾನವಾಗಬೇಕಿತ್ತು.

ಇವರು ಸಿಂಗಾಪುರದ ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಊಹೆ ಎಂದರೆ ಆಗದು. ಅನ್ನಕ್ಕೆ ನೀರು ಇಡುವಾಗ ನಾನು ಬೆರಳಿನಲ್ಲಿ ಅಳೆಯುವುದನ್ನೂ ಅನುಮಾನದಿಂದ ನೋಡುವವರು. ಮೊದಲು ಒಂದು ಎಐಗೆ ನೇರವಾಗಿ, ನಾಳೆ ಯಾರು ಗೆಲ್ಲುತ್ತಾರೆ ಎಂದು ಕೇಳಿದರು. ಹೆಣ್ಣು ನೋಡಿಕೊಂಡು ಬಂದ ಮೇಲೆ ಅಭಿಪ್ರಾಯ ಕೇಳಿದರೆ ಸೋದರಮಾವ ಮಾತಾಡುವ ಹಾಗೆ ಅದು ಮಾತಾಡಿತು. ಇವರೂ ಒಳ್ಳೆಯವರೇ, ಅವರೂ ಒಳ್ಳೆಯವರೇ, ಖಚಿತವಾಗಿ ಹೇಳಲಾಗದು, ಬಾಜಿ ಕಟ್ಟುವುದಾದರೆ ಹುಷಾರು. ಇವರಿಗೆ ಸಿಟ್ಟು ಬಂತು. ಅದರ ಸಹಾಯದಿಂದಲೇ, ಗೆಲ್ಲುವವರನ್ನು ಲೆಕ್ಕ ಹಾಕಿ ಊಹಿಸುವ ತಮ್ಮದೊಂದು ಮಾಡೆಲ್ ಕಟ್ಟಲು ಕೂತರು. ಹಿಂದಿನ ವರ್ಷಗಳ ಪಂದ್ಯಗಳ ಫಲಿತಾಂಶವನ್ನೆಲ್ಲ ಇಳಿಸಿಕೊಂಡು, ಯಾರು ಎಷ್ಟು ಗೋಲು ಹೊಡೆದರು, ಗೋಲು ಕಾಯುವ ಗೋಲಿ ಯಾರು, ಯಾವ ತಂಡಕ್ಕೆ ಎಷ್ಟು ವಿಶ್ರಾಂತಿ ಸಿಕ್ಕಿತ್ತು ಎಂದು ಅದಕ್ಕೆ ಉಣಿಸಿದರು. ಶನಿವಾರ ಇಡೀ ದಿನ ಊಟದ ಮೇಜು ಅವರ ಲ್ಯಾಪ್‌ಟಾಪಿಗೆ. ನಾನೂ ಮಗಳೂ ಸೋಫಾದಲ್ಲಿ ತಟ್ಟೆ ಹಿಡಿದು ಉಂಡೆವು.

ಕೊನೆಗೆ ಪರೀಕ್ಷೆ. ಮುಗಿದುಹೋದ ವರ್ಷದ ಪಂದ್ಯಗಳನ್ನು ಒಂದೊಂದಾಗಿ ಕೊಟ್ಟು ಊಹಿಸು ಎಂದರೆ ಮಾಡೆಲ್ ಬಹುಪಾಲು ಎಲ್ಲವನ್ನೂ ಸರಿಯಾಗಿ ಹೇಳಿಬಿಟ್ಟಿತು. ಇವರ ಮುಖ ಹೊಸ ಮದುಮಗನ ಹಾಗಾಯಿತು.

ಮಗಳು ಇಲ್ಲಿಯ ಯೂನಿವರ್ಸಿಟಿಯಲ್ಲಿ ಇದೇ ತರಹದ್ದು ಏನೋ ಓದುತ್ತಾಳೆ. ಬಾಳೆಹಣ್ಣು ತಿನ್ನುತ್ತ ಬಗ್ಗಿ ನೋಡಿ, ತನ್ನ ಸಿಂಗಾಪುರದ ಧಾಟಿಯಲ್ಲಿ ಶುರು ಮಾಡಿದಳು.

"ಅಪ್ಪಾ, ಇದು ಟೂ ಗುಡ್ ಲಾ. ಹಾಕಿಲಿ ಇಷ್ಟು ಕರೆಕ್ಟ್ ಯಾರಿಗೂ ಬರಲ್ಲ. ಎಲ್ಲೋ ಏನೋ ರಾಂಗ್ ಇದೆ."

"ನಿಮ್ಮ ಕ್ಲಾಸಲ್ಲಿ ಅನುಮಾನ ಪಡೋದೊಂದೇ ಹೇಳ್ಕೊಡ್ತಾರಾ?"

"ಹೌದು. ಅದೇ ಸಬ್ಜೆಕ್ಟು."

ಇವರು ಕೇಳಲಿಲ್ಲ. ಅಡುಗೆಮನೆಗೆ ಬಂದು, ಕೆಳಗಿನ ಶೆಲ್ಫಿನಲ್ಲಿದ್ದ ನನ್ನ ಸಾರಿನಪುಡಿ, ಹುಳಿಪುಡಿ ಡಬ್ಬಗಳನ್ನು ಮೇಲಕ್ಕೆ ಸಾಗಿಸಿ, ಒರೆಸಿ, ಪೇಪರ್ ಹಾಸಿ, ಭರಣಿಗೆಂದು ಜಾಗ ಮಾಡಿಟ್ಟರು. ಅಂದಿನಿಂದ ಸಾರಿನಪುಡಿ ಬೇಕೆಂದರೆ ನಾನು ಸ್ಟೂಲು ಹತ್ತಬೇಕು.

ಪ್ಲೇ ಆಫ್ ಶುರುವಾಯಿತು. ಕೆನಡಾದ ರಾತ್ರಿ ನಮ್ಮ ಬೆಳಗು. ಇವರು ಅವಲಕ್ಕಿ ತಿನ್ನುವ ಹೊತ್ತಿಗೆ ಅಲ್ಲಿ ಆಟ ನಡೆದಿರುತ್ತಿತ್ತು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಚಮಚ. ಗೋಲಾದರೆ ಚಮಚ ಅರ್ಧದಲ್ಲೇ ನಿಲ್ಲುತ್ತಿತ್ತು. ಮೊದಲ ದಿನವೇ ಮಾಡೆಲ್ ಹೇಳಿದ ತಂಡ ಸೋತಿತು. "ಗೋಲಿ ಚೇಂಜ್ ಮಾಡ್ಬಿಟ್ರು," ಎಂದರು. ಮರುದಿನವೂ ಸೋಲು. "ಒಂದೆರಡು ಮ್ಯಾಚಲ್ಲಿ ಏನೂ ಹೇಳಕ್ಕಾಗಲ್ಲ." ಮೂರನೆಯ ದಿನ ನಾನೇ ಕೇಳಿದೆ, "ಇವತ್ತು ಯಾರ ತಪ್ಪು ರೀ?" ಅವಲಕ್ಕಿಗೆ ಉಪ್ಪು ಕಡಿಮೆ ಎಂದರು.

ಮೈದುನನ ವಿಧಾನ ಸರಳ. ತನ್ನ ಊರಿನ ತಂಡ ಆಡಿದರೆ ಅದೇ ಗೆಲ್ಲುತ್ತದೆ. ಮಿಕ್ಕ ಪಂದ್ಯಗಳಿಗೆ ಅವನ ಕಟಿಂಗ್ ಶಾಪಿನವನನ್ನು ಕೇಳುತ್ತಾನೆ. "ಅಣ್ಣ, ನಿನ್ನ ಮಾಡೆಲ್‌ಗೆ ಒಂದು ಕಟಿಂಗ್ ಮಾಡಿಸಬೇಕು ಅನ್ಸುತ್ತೆ," ಎಂದು ಗ್ರೂಪಿನಲ್ಲಿ ಹಾಕಿದ. ಇವರು ಅಡುಗೆಮನೆಗೆ ಹೋದರು. ಹಾಸಿದ ಪೇಪರಿನ ಅಂಚು ಸುರುಳಿಯಾಗಿತ್ತು, ಅದನ್ನು ಅಂಗೈಯಿಂದ ಸರಿ ಮಾಡಿದ್ದನ್ನು ನಾನು ನೋಡಿದೆ. ಉಪ್ಪಿನಕಾಯಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ನೋಯುವ ಕೈಯಲ್ಲಿ ಅಮ್ಮ ಹಾಕಿದ ಆ ಒಂದೇ ಭರಣಿ ತಮ್ಮ ಮನೆಯಲ್ಲಿರಬೇಕು ಎಂದು ಐವತ್ತು ದಾಟಿದ ಗಂಡಸು ಬಾಯಿಬಿಟ್ಟು ಹೇಳುತ್ತಾರೆಯೇ?

ಈ ನಡುವೆ ನಮ್ಮ ಮದುವೆಯ ದಿನ ಬಂತು, ಒಂದು ಶನಿವಾರ. ಹೋಳಿಗೆ ಮಾಡಿದೆ, ಎಲ್ಲರ ಫೋನೂ ಬಂತು, ಮೈದುನನದು ಮಾತ್ರ ಬರಲಿಲ್ಲ. ವರ್ಷವೂ ಹೀಗೆಯೇ. ಅವನು ಸಂಜೆ ಕೆಲಸ ಮುಗಿಸಿ ಫೋನ್ ಮಾಡುತ್ತಾನೆ, ಅಷ್ಟರಲ್ಲಿ ನಮಗೆ ಮರುದಿನ ಬೆಳಗಾಗಿರುತ್ತದೆ. ಇವರು ವರ್ಷವೂ ಅದನ್ನೇ ಹಿಡಿದು ಗೋಳು ಹೊಯ್ದುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಫೋನು ಬಂತು.

"ಅತ್ತಿಗೆ, ಅಣ್ಣ, ಹ್ಯಾಪಿ ಆನಿವರ್ಸರಿ!"

"ಲೇಟಾಗೋಯ್ತು ಕಣೋ. ಅದು ನಿನ್ನೆ. ಹೋಳಿಗೆನೂ ಖಾಲಿ."

"ನಿಂಗೆ ನಿನ್ನೆ ಅಣ್ಣ. ಇಲ್ಲಿನ್ನೂ ಶನಿವಾರನೇ. ಇವತ್ತಿನ ಮ್ಯಾಚೂ ಶನಿವಾರದ್ದೇ, ನೀನು ಭಾನುವಾರ ನೋಡ್ತಿದೀಯ ಅಷ್ಟೇ."

ಇವರು ತಟ್ಟನೆ ಎದ್ದರು. ಫೋನನ್ನು ನನ್ನ ಕೈಗೆ ಕೊಟ್ಟು ಲ್ಯಾಪ್‌ಟಾಪಿನ ಮುಂದೆ ಹೋದರು. ನಾನು ಓರಗಿತ್ತಿಯ ಜೊತೆ ಮಾತು ಮುಗಿಸಿ ಬರುವಷ್ಟರಲ್ಲಿ ಮಗಳು ಅಪ್ಪನ ಕುರ್ಚಿಯ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಗಿದ್ದು ಇಷ್ಟು. ಪಂದ್ಯಗಳ ಪಟ್ಟಿಯನ್ನು ಇವರ ಕಂಪ್ಯೂಟರ್ ತಾನಾಗಿಯೇ ಸಿಂಗಾಪುರದ ತಾರೀಕಿಗೆ ಬದಲಾಯಿಸಿಕೊಂಡಿತ್ತು. ಫಲಿತಾಂಶಗಳು ಕೆನಡಾದ ತಾರೀಕಿನಲ್ಲೇ ಉಳಿದಿದ್ದವು. ಭಾನುವಾರದ ಪಂದ್ಯ ಊಹಿಸುವ ಮುಂಚೆ ಶನಿವಾರದವರೆಗಿನ ಫಲಿತಾಂಶ ನೋಡಿಕೋ ಎಂದು ಇವರು ಮಾಡೆಲ್‌ಗೆ ಹೇಳಿದ್ದರು. ಆ ಶನಿವಾರದ ಫಲಿತಾಂಶದಲ್ಲಿ ಅದೇ ಪಂದ್ಯ ಇರುತ್ತಿತ್ತು! ಪ್ರಶ್ನೆಪತ್ರಿಕೆಯ ಕೆಳಗೇ ಉತ್ತರ ಇಟ್ಟುಕೊಂಡು ಪರೀಕ್ಷೆ ಬರೆದ ಹಾಗೆ. ಹಳೆಯ ಪಂದ್ಯಗಳಲ್ಲಿ ಅದಕ್ಕೇ ರ‍್ಯಾಂಕ್ ಬಂದದ್ದು. ನಿಜವಾದ ಪಂದ್ಯಕ್ಕೆ ಉತ್ತರ ಇನ್ನೂ ಹುಟ್ಟಿರಲಿಲ್ಲ, ಹಾಗಾಗಿ ಪೇಚಾಟ.

"ಪ್ರತಿವರ್ಷ ಚಿಕ್ಕಪ್ಪಂಗೆ ಡೇಟ್ ಗೊತ್ತಿಲ್ಲ ಅಂತೀಯಲ್ಲಪ್ಪ!" ಎಂದಳು ಮಗಳು.

ಇವರು ತಾವೇ ತಮ್ಮನಿಗೆ ಫೋನ್ ಮಾಡಿ ಹೇಳಿದರು. ಅದನ್ನು ಮೆಚ್ಚಬೇಕು. ಅವನು ಅತ್ತಲಿಂದ ನಕ್ಕ ನಗುವಿಗೆ ಫೋನು ಬೇಕಿರಲಿಲ್ಲ, ಕಿಟಕಿ ತೆರೆದಿಟ್ಟಿದ್ದರೆ ಸಾಕಿತ್ತು.

ಸರಿಪಡಿಸಿದ ಮೇಲೆ ಮಾಡೆಲ್ ಬಹಳ ವಿನಯವಂತವಾಯಿತು. ಯಾವ ಪಂದ್ಯಕ್ಕೂ ಅರ್ಧದ ಮೇಲೆ ಚೂರು, ಅದಕ್ಕಿಂತ ಹೆಚ್ಚು ಭರವಸೆ ಕೊಡುತ್ತಿರಲಿಲ್ಲ. ಥೇಟ್ ಮೊದಲಿನ ಆ ಸೋದರಮಾವ. ಆದರೂ ಮೆಲ್ಲಗೆ ಸರಿಯಾಗುತ್ತ ಬಂದು, ರೌಂಡಿನ ಕೊನೆಯ ಪಂದ್ಯದ ಹೊತ್ತಿಗೆ ಅಣ್ಣ ತಮ್ಮ ಸಮನಾಗಿದ್ದರು. ಆ ಪಂದ್ಯ ಆಡುವುದು ಮೈದುನನ ಊರಿನ ತಂಡ. ಅವನ ಆಯ್ಕೆ ಯಾರೂ ಕೇಳುವ ಮುಂಚೆಯೇ ಗ್ರೂಪಿಗೆ ಬಂತು. ಇವರು ಮಾಡೆಲನ್ನು ಕೇಳಿದರು. ಅದೂ ಅದೇ ತಂಡ ಎಂದಿತು, ಕೂದಲೆಳೆಯಷ್ಟು ಹೆಚ್ಚು.

"ಅದನ್ನೇ ಹಾಕಿದ್ರೆ ಇಬ್ರೂ ಸಮ. ಭರಣಿ ತಂಗಿಗೆ," ಎಂದು ಇವರು ಲೆಕ್ಕ ಹಾಕಿದರು.

"ನಂಬರ್ ಹೇಳಿದ್ಮೇಲೆ ಮುಗೀತು, ಮನಸ್ಸಿಗೆ ಕೆಲಸ ಇಲ್ಲ ಅಂತಿದ್ರಲ್ಲ ರೀ?"

"ಅದು ಹಾಕಿ ವಿಷಯ. ಇದು ಉಪ್ಪಿನಕಾಯಿ ವಿಷಯ."

ಎದುರಿನ ತಂಡವನ್ನೇ ಹಾಕಿದರು. ಮರುದಿನ ಬೆಳಿಗ್ಗೆ ಆಟ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಅವಲಕ್ಕಿ ತಣ್ಣಗಾಯಿತು, ಆಫೀಸಿನ ಬಸ್ಸು ಹೊರಟುಹೋಯಿತು. ಕೊನೆಗೆ ಮೈದುನನ ತಂಡ ಗೋಲು ಹೊಡೆಯಿತು. ಇವರು ಫೋನು ಮಗುಚಿಟ್ಟು, "ಲೆಕ್ಕ ಸರಿಯಾಗಿತ್ತು," ಎಂದಷ್ಟೇ ಅಂದರು. ಆ ಒಂದು ಪಂದ್ಯದಲ್ಲಿ ಮಾಡೆಲ್ ಗೆದ್ದಿತ್ತು, ಇವರು ಸೋತಿದ್ದರು. ಸಂಜೆ ಬಂದವರೇ ನನ್ನ ಸಾರಿನಪುಡಿ ಡಬ್ಬ ಕೆಳಗಿಳಿಸಿದರು. ಹುಳಿಪುಡಿಯನ್ನು ಮರೆತರು.

ಜುಲೈನಲ್ಲಿ ಮೈದುನನ ಸಂಸಾರ ಸೆಂಬವಾಂಗ್‌ನ ನಮ್ಮ ಮನೆಗೆ ಬಂದಿಳಿಯಿತು. ಭರಣಿಯೂ ಬಂತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಸೇರುವ ಮನೆ ಸೇರುವ ತನಕ ಬಟ್ಟೆ ಬಿಚ್ಚಬಾರದು, ದಾರಿಯಲ್ಲಿ ಗಾಳಿ ತಾಗಿದರೆ ಬೂಸ್ಟು ಬರುತ್ತದೆ ಎಂದು ಅತ್ತೆಯ ಅಪ್ಪಣೆಯಾಗಿತ್ತು. ಎರಡು ದಿನ ಅದು ಮೇಜಿನ ಮೇಲೆ ಕೂತಿತ್ತು, ನಾವು ಅದರ ಸುತ್ತ ಕೂತು ಅಂಗಡಿಯ ಉಪ್ಪಿನಕಾಯಿ ನಂಚಿಕೊಂಡು ಮೊಸರನ್ನ ಉಂಡೆವು. ಮೈದುನ ತಟ್ಟೆ ಬದಿಗೆ ಸರಿಸಿದ. "ಅಣ್ಣ, ಇಲ್ಲೇ ಇರ್ಲಿ ಬಿಡು," ಎಂದ.

"ಸುಮ್ನಿರೋ. ಬಾಜಿ ಬಾಜಿನೇ."

ಹೊರಡುವ ದಿನ ಭರಣಿ ಕಟ್ಟಲು ಮೈದುನ ಟವೆಲ್ ಹುಡುಕುತ್ತಿದ್ದ. ಇವರಿಗೆ ನೋಡಲಾಗಲಿಲ್ಲ. "ಹಿಂಗಾ ಕಟ್ಟೋದು? ಸರಿ ಆ ಕಡೆ," ಎಂದು ತಾವೇ ನೆಲದ ಮೇಲೆ ಕೂತರು. ಎಂಜಿನ್ನಿನ ಭಾಗಗಳನ್ನು ಹೇಗೆ ಕಟ್ಟಿ ಕಳಿಸುತ್ತಾರೋ ಹಾಗೆಯೇ ಕಟ್ಟಿದರು. ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಸುತ್ತಲೂ ಸ್ಪಂಜ್ ಕತ್ತರಿಸಿ ಕೂರಿಸಿ, ಅಲುಗಾಡಿಸಿ ನೋಡಿ, ಮತ್ತೆ ಬಿಚ್ಚಿ, ಮತ್ತೆ ಕೂರಿಸಿ, ಡಬ್ಬದ ನಾಲ್ಕೂ ಬದಿಗೆ ಮೇಲ್ಮುಖದ ಬಾಣ ಬರೆದರು. ಅದೇ ಹೊತ್ತಿಗೆ ಅತ್ತೆಯ ವೀಡಿಯೊ ಕಾಲ್ ಬಂತು. ಮಗಳು ಫೋನನ್ನು ಅಪ್ಪನ ಕಡೆ ತಿರುಗಿಸಿ, ಬಾಜಿಯ ಕಥೆಯನ್ನೆಲ್ಲ ಅಜ್ಜಿಗೆ ಒಪ್ಪಿಸಿಬಿಟ್ಟಳು.

ಅಣ್ಣ ತಮ್ಮ ಇಬ್ಬರೂ ಶಾಲೆಯ ಹುಡುಗರ ಹಾಗೆ ತಲೆ ತಗ್ಗಿಸಿದರು.

"ಸೋತೋನು ಯಾರು?" ಎಂದರು ಅತ್ತೆ.

"ನಾನೇ ಅಮ್ಮ."

"ಸೋತೋನು ಇಷ್ಟು ಚೆನ್ನಾಗಿ ಕಟ್ತಾ ಇದಾನಾ?" ಅತ್ತೆ ಫೋನಿಗೆ ಕಣ್ಣು ಹತ್ತಿರ ತಂದರು. "ಕೈ ನಿಧಾನ ಇದೆ. ಮಿಡಿ ಕಾಲಕ್ಕೆ ರಜೆ ಹಾಕಿ ಬಾ. ಸಾಸಿವೆ ನೀನು ಅರಿ, ನಾನು ಹೇಳ್ತೀನಿ. ಎರಡು ಭರಣಿ ಹಾಕೋಣ."

ಇವರು ಟೇಪಿನ ತುದಿ ಹುಡುಕುತ್ತಿದ್ದವರು ತಲೆ ಎತ್ತಲೇ ಇಲ್ಲ. ಟೇಪಿನ ತುದಿ ಕೈಯಲ್ಲೇ ಇತ್ತು. ಅತ್ತ ಪರದೆಯ ಮೂಲೆಯಲ್ಲಿ ನಾದಿನಿ, "ಇಷ್ಟು ವರ್ಷ ನಂಗೆ ಮುಟ್ಟಕ್ಕೂ ಬಿಡ್ಲಿಲ್ವಲ್ಲಮ್ಮ!" ಎಂದು ಕೂಗುತ್ತಿದ್ದಳು.

"ಅಮ್ಮ, ನಾನು? ಗೆದ್ದೋನು ನಾನು!" ಎಂದ ಮೈದುನ.

"ನಿಂಗೆ ಭರಣಿ ಸಿಕ್ತಲ್ಲಪ್ಪ. ತಗೊಂಡು ಹೋಗು."

ಟ್ಯಾಕ್ಸಿ ಬಂತು. ಡಬ್ಬವಿದ್ದ ಸೂಟ್‌ಕೇಸನ್ನು ಇವರೇ ಡಿಕ್ಕಿಯಲ್ಲಿ ನಿಲ್ಲಿಸಿ, ಬಾಣ ಮೇಲಕ್ಕಿದೆಯೇ ಎಂದು ಡ್ರೈವರ್ ಅಂಕಲ್‌ಗೂ ತೋರಿಸಿದರು. ಮೈದುನ ಕಿಟಕಿಯಿಂದ ತಲೆ ಹೊರಹಾಕಿದ.

"ಮುಂದಿನ ವರ್ಷ ನಾನೂ ಒಂದು ಮಾಡೆಲ್ ಮಾಡ್ತೀನಿ ಅಣ್ಣ. ಸೋಲೋಕೆ."