ತಿರುಗುವ ಬುರುಜಿನ ಕೆಳಗೆ

ಮೊದಲು ವಂದನೆ. ಅಕ್ಷರ ತಿದ್ದಿಸಿದ ಗುರುಗಳಿಗೆ, ನಾಮ ಕಲಿಸಿದ ತಾಯಿಗೆ, ಎರಡು ಹೊಳೆಗಳ ನಡುವಿನ ಈ ಸೀಮೆಯಲ್ಲಿ ನನ್ನನ್ನು ಇಷ್ಟು ಕಾಲ ಉಳಿಸಿಕೊಂಡ ಶ್ರೀಹರಿಗೆ. ಕಹಿಯಾದದ್ದನ್ನು ಬರೆಯಲು ಕುಳಿತಾಗ ಕೃತಜ್ಞತೆಯಿಂದಲೇ ತೊಡಗಬೇಕೆಂದು ಕಲಿಸಿದವರು ಅವರು. ಇಲ್ಲದಿದ್ದರೆ ಈ ಲೇಖನಿ ಎತ್ತ ಹರಿಯುತ್ತಿತ್ತೋ…

ಔಡಲೆಣ್ಣೆ ಮತ್ತು ತುಳಸಿಯ ಕಾಷ್ಠ. ಈ ಎರಡು ವಾಸನೆಗಳು ಒಂದೆಡೆ ಸೇರುವುದಕ್ಕೆ ಕಾರಣವೇ ಇಲ್ಲ. ಒಂದು ಬಂಡಿಯ ಅಚ್ಚಿಗೆ ಸೇರಿದ್ದು, ಇನ್ನೊಂದು ದೇವರ ಮನೆಗೆ. ಕಳೆದ ತಿಂಗಳು ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವೆರಡೂ ಒಟ್ಟಿಗೆ ಮೂಗಿಗೆ ಬಂದವು. ಅಂದಿನಿಂದ ಮಾನವಿಯ ಆ ಶಾಲೆಯೂ ಅಲ್ಲಿಯ ಕ್ರಾಫ್ಟ್ ಮಾಸ್ತರರೂ ನನ್ನನ್ನು ಬಿಟ್ಟಿಲ್ಲ.

ನಾನು ಅಲ್ಲಿ ಸಂಸ್ಕೃತ ಹೇಳುತ್ತಿದ್ದೆ. ಮಾಸ್ತರರು ಮಕ್ಕಳಿಗೆ ಬಡಿಗೆಲಸ ಕಲಿಸುತ್ತಿದ್ದರು. ದೇವದುರ್ಗದವರು; ಮಿತಭಾಷಿ, ಶಿಸ್ತಿನ ಮನುಷ್ಯ. ಅವರು ಉಳಿ ಹಿಡಿದಾಗ ನನಗೆ ವೇದಪಾಠದ ಸ್ವರಶುದ್ಧಿ ನೆನಪಾಗುತ್ತಿತ್ತು. ಶಾಲೆಯ ಕಪಾಟಿನಲ್ಲಿ ಗೆದ್ದಲು ಅರ್ಧ ತಿಂದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಹಿಂದಿನ ಶತಮಾನದ ಮೊದಲಲ್ಲಿ ಜರ್ಮನರು ಕಟ್ಟಿದ ಕದನನೌಕೆಯೊಂದರ ಚಿತ್ರ ಅದರೊಳಗೆ. ಹಡಗನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸಿದಂತೆ ಬರೆದಿದ್ದರು. ಮಾಸ್ತರರು ಆ ಚಿತ್ರದ ಮುಂದೆ ಮಧ್ಯಾಹ್ನದ ಬುತ್ತಿ ಮರೆತು ಕೂರುತ್ತಿದ್ದರು. ಸಮುದ್ರವನ್ನು ಒಮ್ಮೆಯೂ ಕಾಣದ ಮನುಷ್ಯ.

ನಾನು ಓದಿ ಅರ್ಥ ಹೇಳಬೇಕು, ಅವರು ಕಟ್ಟಿಗೆಯಲ್ಲಿ ಕಟ್ಟಬೇಕು. ಹಾಗೆ ನಮ್ಮ ಗೆಳೆತನ ಕುದುರಿತು. ತೋಪುಗಳನ್ನು ಹೊತ್ತು ತಿರುಗುವ ಉಕ್ಕಿನ ಕೋಣೆಗೆ ನಾನು 'ಪರಿಭ್ರಮಣ ಗೋಪುರ' ಎಂಬ ಪದ ಮಾಡಿಕೊಟ್ಟೆ. ಹಲಗೆ ನುಣುಪು ಮಾಡಲು ರಂಧ ಹೊಡೆಯುತ್ತಿದ್ದ ಮಾಸ್ತರರು ಅದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಆಚಾರ್ರೇ, ಅಷ್ಟು ಉದ್ದ ಹೆಸರು ಹೇಳೂದ್ರಾಗ ಹಡಗ ಮುಳುಗತದರಿ. ಬುರುಜು ಅನ್ರಿ. ನಮ್ಮ ರಾಯಚೂರು ಕ್ವಾಟ್ಯಾಗ ಇಲ್ಲೇನು?"

"ಆ ಬುರುಜು ತಿರುಗತದೇನ್ರೀ ಮಾಸ್ತರ?"

"ನಿಮ್ಮ ಗೋಪುರ ತಿರುಗತದೇನ್ರಿ?"

ಸೋತೆ. ಅಂದಿನಿಂದ ಅದು ಬುರುಜು.

ಆ ಹಡಗಿಗೆ ಆರು ಬುರುಜು, ಬುರುಜಿಗೆ ಎರಡು ತೋಪು. ಮುಂದೊಂದು, ಹಿಂದೊಂದು, ಎಡಕ್ಕೆರಡು, ಬಲಕ್ಕೆರಡು. ಸಣ್ಣ ತೋಪುಗಳು ಹಡಗಿನ ಪಕ್ಕೆಯ ಗೂಡುಗಳಲ್ಲಿ. ಹನ್ನೆರಡು ದೊಡ್ಡ ತೋಪುಗಳಿದ್ದರೂ ವೈರಿ ಒಂದು ಮಗ್ಗುಲಿಗೆ ಬಂದಾಗ ಎಂಟು ಮಾತ್ರ ಅವನತ್ತ ತಿರುಗಬಲ್ಲವು. ಆಚೆ ಮಗ್ಗುಲಿನ ನಾಲ್ಕು, ನಡುವಿನ ಕಟ್ಟಡ ಅಡ್ಡವಾಗಿ, ಕಡಲನ್ನು ನೋಡುತ್ತ ಸುಮ್ಮನಿರಬೇಕು. ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತ್ತು. ಬುರುಜನ್ನು ಹಡಗಿಗೆ ಬಿಗಿದಿರುವುದಿಲ್ಲವಂತೆ. ಬಳೆಯಾಕಾರದ ದಾರಿಯ ಮೇಲೆ ತನ್ನ ಭಾರದಿಂದಲೇ ಕುಳಿತಿರುತ್ತದೆ. ಹಡಗು ಬೋರಲಾದರೆ ತಾನಾಗಿ ಕಳಚಿ ಬೀಳುತ್ತದೆ. ಓದಿ ಹೇಳಿದಾಗ ಮಾಸ್ತರರು ತಮ್ಮ ಬುರುಜುಗಳನ್ನೂ ಹಾಗೆಯೇ, ಬಿಗಿಯದೆ ಕೂರಿಸುತ್ತೇನೆಂದರು.

ಒಂದು ಗಜಕ್ಕಿಂತ ತುಸು ಉದ್ದದ ಹಡಗು ಸಿದ್ಧವಾಯಿತು. ಬುರುಜುಗಳ ಕೆಳಗೆ ಸೈಕಲ್ ಅಂಗಡಿಯ ಕಬ್ಬಿಣದ ಗುಂಡುಗಳನ್ನು, ಅವರ ಮಾತಿನಲ್ಲಿ ಛರ್ರಾಗಳನ್ನು, ಹಾಕಿದರು. ಶಾಲೆಯ ನೀರಿನ ತೊಟ್ಟಿಯಲ್ಲಿ ಬಿಟ್ಟರೆ ಹಡಗು ಒಂದು ಪಕ್ಕಕ್ಕೆ ವಾಲಿತು. ಮೇಲ್ಭಾರ ಹೆಚ್ಚಾಗಿತ್ತು. ಕಟ್ಟಿಗೆಯ ಗುಂಡು ಕಡೆದು ನೋಡಿದರು. ಒಂದು ದೊಡ್ಡದು, ಒಂದು ಸಣ್ಣದು, ಬುರುಜು ಕುಂಟುತ್ತ ತಿರುಗಿತು. "ಒಂದಽ ಅಳತಿ ಆಗವಲ್ವುರಿ" ಎಂದು ಕೈಚೆಲ್ಲಿದರು.

ಅದೇ ವರ್ಷ ನನ್ನ ತಾಯಿ ತೀರಿಕೊಂಡಿದ್ದಳು. ಕೋಟಿ ನಾಮಜಪದ ಸಂಕಲ್ಪ ಮಾಡಿದ್ದಳು. ಅದರಲ್ಲಿ ಇನ್ನೂ ಹಲವು ಲಕ್ಷ ಉಳಿದಿತ್ತು. ಕಡೆಯ ದಿನಗಳಲ್ಲಿ ತನ್ನ ತುಳಸಿಮಾಲೆಯನ್ನು ನನ್ನ ಅಂಗೈಯಲ್ಲಿಟ್ಟು, "ಇದಽ ಮಾಲಿ ಮ್ಯಾಲೆ ಮುಗಸಪ್ಪಾ, ಬ್ಯಾರೆ ಮಾಲಿ ಹಿಡೀಬ್ಯಾಡ" ಎಂದಿದ್ದಳು. ನಾನು ಮಾತು ಕೊಟ್ಟಿದ್ದೆ. ನೂರೆಂಟು ಮಣಿ, ಮೇಲೊಂದು ಮೇರುಮಣಿ. ಅವಳ ಬೆರಳಿನಲ್ಲಿ ಎಷ್ಟೋ ವರ್ಷ ಉರುಳಿ ಎಲ್ಲವೂ ಒಂದೇ ಅಳತೆಗೆ ನುಣುಪಾಗಿದ್ದವು. ಒಂದು ಮಣಿಯ ಮಗ್ಗುಲು ಮಾತ್ರ ನೀರಾಂಜನದ ಕುಡಿ ತಾಗಿ ಕಪ್ಪಾಗಿತ್ತು. ಆ ಮಣಿ ಬಂದಾಗ ಅವಳ ಹೆಬ್ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು…

ಮಾಲೆಯ ದಾರ ಜೀರ್ಣವಾಗಿತ್ತು. ಜಪಮಾಲೆಯನ್ನು ಮನೆಯೊಳಗಿನವರ ಕೈಗೂ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಹೊಸ ದಾರ ಹಾಕಿಸಲು ನಾನು ಮಾಸ್ತರರಿಗೆ ಕೊಟ್ಟೆ. ಆ ಬೆರಳುಗಳ ಶುದ್ಧಿಯಲ್ಲಿ ನನಗೆ ಅಷ್ಟು ವಿಶ್ವಾಸ. ಅವರು ಮಾಲೆಯನ್ನು ಬೆಳಕಿಗೆ ಹಿಡಿದು, "ಎಷ್ಟು ಸಮ ಅದಾವ್ರಿ" ಎಂದರು. ಅಷ್ಟೇ. ದಸರೆಯ ರಜೆಗೆ ಊರಿಗೆ ಒಯ್ದರು.

ಮರಳಿ ಬಂದಾಗ ಅವರ ಅಂಗೈಯಲ್ಲಿ ಮೇರುಮಣಿ ಮತ್ತು ಕುಚ್ಚು ಮಾತ್ರ ಇದ್ದವು.

"ಗೂಗಲ್‌ ಅಂತ, ಹೊಳೀ ದಂಡೀ ಊರಿಗೆ ಹೋಗಿದ್ದೆರಿ. ಹೊಳ್ಯಾಗ ತೊಳದು ಹೊಸ ದಾರ ಹಾಕಬೇಕಂತ ಇಳದೆ. ಹಳೇ ದಾರ ಹರೀತು. ಎಲ್ಲಾ ಕೃಷ್ಣಿ ಪಾಲಾದ್ವು. ಇದೊಂದಽ ಕೈಯಾಗ ಉಳೀತರಿ." ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು, ಅದನ್ನು ಇಂದಿಗೂ ಅನುಮಾನಿಸಲಾರೆ. ಅವರನ್ನು ಸಮಾಧಾನಪಡಿಸಿದವನು ನಾನೇ. ಅಮ್ಮನ ಉಳಿದ ಜಪವನ್ನು ಕೃಷ್ಣೆಯೇ ಪೂರೈಸಿಕೊಂಡಳು ಎಂದು ಅವರಿಗೆ ಹೇಳಿದೆ. ಹೇಳುತ್ತ ಹೇಳುತ್ತ ನಾನೂ ನಂಬಿದೆ. ಸಂಕಲ್ಪ ಅಲ್ಲಿಗೆ ನಿಂತಿತು. ಮೇರುಮಣಿಯನ್ನು ದೇವರ ಸಂಪುಟದಲ್ಲಿಟ್ಟೆ.

ಕೆಲವೇ ವಾರಗಳಲ್ಲಿ ಹಡಗು ತೇಲಿತು. ಇಡೀ ಶಾಲೆ ತೊಟ್ಟಿಯ ಸುತ್ತ ನೆರೆದಿತ್ತು. ನೆಟ್ಟಗೆ ನಿಂತ ಹಡಗಿನ ಮೇಲೆ ಆರು ಬುರುಜುಗಳೂ ಬೆರಳು ತಾಗಿದರೆ ಸಾಕು, ಸದ್ದಿಲ್ಲದೆ ತಿರುಗಿದವು. ಮೊದಲು ಚಪ್ಪಾಳೆ ತಟ್ಟಿದವನು ನಾನು. ಕೆಳಗೆ ಏನು ಹಾಕಿದಿರಿ ಎಂದು ಕೇಳಿದೆ.

"ಕಟ್ಟಿಗೀ ಗುಂಡರಿ. ಮತ್ತ ಕಡದೆ. ಈ ಸಲ ಬಂದ್ವು."

ಮಾನವಿಯ ಮಠದಲ್ಲಿ ಪ್ರವಚನ ಮಾಡುವಾಗ ಹೊಳೆ ಪಾಲಾದ ಮಾಲೆಯ ಪ್ರಸಂಗವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ದಿನ ಮಾಸ್ತರರೂ ಬಂದು ಕಂಬಕ್ಕೊರಗಿ ಕುಳಿತು ಪೂರ್ತಿ ಕೇಳಿದರು. ಅಂದು ಅವರು ಪ್ರಸಾದಕ್ಕೆ ನಿಲ್ಲಲಿಲ್ಲ. ತಾಯಿಯ ವಿಷಯ ಅವರನ್ನೂ ಕರಗಿಸಿತೆಂದು ತಿಳಿದೆ. ಬಳಿಕ ಯಾರು ಹಡಗನ್ನು ಹೊಗಳಿದರೂ ಅವರದು ಒಂದೇ ಮಾತು: "ಅರ್ಧ ಹಡಗ ಆಚಾರ್ರದರಿ." ನಾನು ಓದಿ ಹೇಳಿದ್ದಕ್ಕೆ ಕೃತಜ್ಞತೆಯೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮಾಸ್ತರರು ಈಗಿಲ್ಲ. ಕಳೆದ ತಿಂಗಳು ಅವರ ಮಗಳು ದೇವದುರ್ಗದಿಂದ ಹಡಗನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತಂದಳು. ತಂದೆಯಂತೆ ಅವಳೂ ಶಾಲೆಯಲ್ಲಿ ಕಲಿಸುತ್ತಾಳೆ.

"ಆಚಾರ್ ಕಾಕಾ, ಇದು ನಿಮ್ಮನೀಗೇ ಸೇರಬೇಕಂತ ಅಪ್ಪಾರು ಹೇಳಿ ಹೋಗ್ಯಾರ. ತಳದಾಗ ನಿಮ್ಮ ಹೆಸರೂ ಕೆತ್ಯಾರ, ನೋಡ್ರಿ."

ತೋರಿಸಲೆಂದು ಹಡಗನ್ನು ಬೋರಲು ಹಾಕಿದಳು. ತಳದಲ್ಲಿ ಎರಡು ಹೆಸರುಗಳಿದ್ದವು, ನನ್ನದು ಮೊದಲು. ಅದನ್ನು ಓದುತ್ತಿದ್ದಂತೆಯೇ ಮುಂದಿನ ಬುರುಜು ಕಳಚಿ ಬಿತ್ತು. ಮಣಿಗಳು ನೆಲದ ಮೇಲೆ ಉರುಳಿದವು. ಉಳಿದ ಐದು ಬುರುಜುಗಳು ಹಳೆಯ ಎಣ್ಣೆಯ ಜಿಗುಟಿಗೆ ಅಂಟಿಕೊಂಡಿದ್ದವು. ಔಡಲೆಣ್ಣೆ, ತುಳಸಿ… ಬಗ್ಗಿ ಒಂದೊಂದಾಗಿ ಆರಿಸಿದೆ. ಹದಿನೆಂಟು. ಹದಿನೇಳನೆಯ ಮಣಿಯ ಮಗ್ಗುಲು ಕಪ್ಪಾಗಿತ್ತು.

ಆರು ಬುರುಜು, ಹದಿನೆಂಟರಂತೆ ನೂರೆಂಟು. ಲೆಕ್ಕ ಸರಿಹೋಯಿತು.

"ಛರ್ರಾ ಏನ್ರಿ ಕಾಕಾ ಇವು? ಕಟ್ಟಿಗೀವು ಕಾಣಸ್ತಾವ."

ಬಾಯಿಗೆ ಬಂದ ಮಾತು ಅವಳ ತಂದೆಯ ಹೆಸರನ್ನು ಅವಳೆದುರೇ ಕೆಡವುವಂಥದ್ದು. ಅವಳು ಉತ್ತರಕ್ಕೆ ಕಾಯುತ್ತ, ಬಿದ್ದ ಬುರುಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ತುಳಸಿ ಮಣಿ ಅವ. ನಾನಽ ಕೊಟ್ಟಿದ್ದೆ" ಎಂದೆ.

"ಅದಕ್ಕಽ ಅಪ್ಪಾರು ಅರ್ಧ ಹಡಗ ನಿಮ್ದು ಅಂತಿದ್ರು" ಎಂದು ನಕ್ಕಳು. ಚಹಾ ಕುಡಿದು, ಕಾಲುಮುಟ್ಟಿ ನಮಸ್ಕರಿಸಿ ಹೋದಳು.

ನಾನು ಹೇಳಿದ್ದು ಸುಳ್ಳಲ್ಲ, ಕೊಟ್ಟವನು ನಾನೇ. ಆದರೆ ಅವರು ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿರಲಿಲ್ಲ; ಅದು ಅವರಿಗೂ ಗೊತ್ತಿತ್ತು. ನನ್ನನ್ನು ಹೆಚ್ಚು ಸುಡುವುದು ಮಣಿಗಳನ್ನು ತೆಗೆದುಕೊಂಡದ್ದಲ್ಲ. ಕೊಟ್ಟ ಮಾತನ್ನು ನಾನು ಮುರಿದೆನೆಂಬ ಅರಿವೂ ಇಲ್ಲದೆ ಇಷ್ಟು ವರ್ಷ ನಿಶ್ಚಿಂತನಾಗಿ ಬದುಕುವಂತೆ ಮಾಡಿದರಲ್ಲ, ಅದು. ಕಂಬಕ್ಕೊರಗಿ ಕುಳಿತ ಆ ದಿನವಾದರೂ… ಪಕ್ಕದಲ್ಲೇ ಇದ್ದೂ ನನ್ನ ಕಡೆ ತಿರುಗದೆ ಸುಮ್ಮನಿದ್ದರು, ಹಡಗಿನ ಆಚೆ ಮಗ್ಗುಲಿನ ಆ ನಾಲ್ಕು ತೋಪುಗಳ ಹಾಗೆ.

ಉಳಿದ ಐದು ಬುರುಜುಗಳನ್ನು ನಾನು ತೆರೆದಿಲ್ಲ. ಬಿದ್ದ ಹದಿನೆಂಟನ್ನು ಅಡುಗೆಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು, ಸಂಪುಟದ ಮೇರುಮಣಿಯೊಡನೆ ಹೊಸ ದಾರಕ್ಕೆ ನಾನೇ ಪೋಣಿಸಿದೆ. ಭಾರಕ್ಕೆ ಸಿಕ್ಕು ಅವು ತುಸು ಚಪ್ಪಟೆಯಾಗಿವೆ. ಅಮ್ಮನ ಕೈಯಲ್ಲಿ ಉರುಳಿದಂತೆ ನನ್ನ ಕೈಯಲ್ಲಿ ಉರುಳುವುದಿಲ್ಲ. ಆರು ಸುತ್ತು ಬಂದರೆ ಒಂದು ಮಾಲೆ. ಬೆಳಗಿನ ಸಂಧ್ಯಾವಂದನೆಯ ಬಳಿಕ ಕೂರುತ್ತೇನೆ. ಈ ವಯಸ್ಸಿನಲ್ಲಿ ಸಂಕಲ್ಪ ಪೂರೈಸಲಾರೆ, ತಿಳಿದಿದೆ. ಅಮ್ಮನಿಗೆ ಅದನ್ನು ದಿನವೂ ಹೇಳುತ್ತೇನೆ.

ದೂರದ ಕಡಲಲ್ಲಿ ಆ ಬುರುಜುಗಳೊಳಗೆ ದುಡಿದು ಅಳಿದ, ನಾನು ಕಾಣದ ಮನುಷ್ಯರಿಗೆ ಸದ್ಗತಿಯಾಗಲಿ. ನನ್ನ ಕಥೆ ನಂಬಿ ಕಣ್ಣೊರೆಸಿಕೊಂಡ ತಾಯಂದಿರಿಗೆ ಶುಭವಾಗಲಿ. ತಂದೆಯ ಹಡಗನ್ನು ಎದೆಗವಚಿಕೊಂಡು ತಂದ ಆ ಮಗಳ ಮನೆ ತಣ್ಣಗಿರಲಿ. ಮಾಸ್ತರರಿಗೆ… ಕಪ್ಪು ಮಣಿ ಬಂದಾಗ ನನ್ನ ಹೆಬ್ಬೆರಳೂ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ನಾಮ ಅವರಿಗಿರಲಿ.