ಮಗಳ ಸಂದರ್ಶನದಾಗ ಅಪ್ಪನ ಹಾಡು

ಗೆಳತ್ಯಾರ, ಇವತ್ತು ನಮ್ಮ ದಾಂಡೇಲಿ ಮನ್ಯಾಗ ಆಗಿದ್ದು ಕೇಳ್ರಿ. ಮಗಳು ಕಾವೇರಿ ಒಂದು ಖಾಸಗಿ ಕಾಲೇಜಿಗೆ ಅರ್ಜಿ ಹಾಕ್ಯಾಳ. ಅಲ್ಲಿ ಇತಿಹಾಸ, ಗಣಿತ, ನಾಟಕ ಮೂರೂ ಒಟ್ಟಿಗೆ ಕಲೀಬಹುದಂತ. ಇವತ್ತು ಫೋನಿನಾಗ ಸ್ಪೀಕರ್ ಹಾಕ್ಕೊಂಡು ಸಂದರ್ಶನ ನಡದಿತ್ತು. ಅಷ್ಟರಾಗ ನಮ್ಮ ಮನಿಯವ್ರು ಮಿಲ್ಲಿನಿಂದ ಬಂದವ್ರ, ಬಾಗಿಲದಾಗ ನಿಂತು ಜೋರಾಗಿ ಅಂದ್ರು, "ನಾಟಕ ಕಲಿಯೋರಿಗೆ ಗಣಿತ ಯಾಕ ಬೇಕಂತ ಕೇಳವಾ ಅವರನ್ನ!"

ಕಾವೇರಿಗೆ ಅಳು ಬರೂದೊಂದು ಬಾಕಿ. ಸಂದರ್ಶನ ಮಾಡೋ ಮೇಡಂ ನಮ್ಮ ಧಾರವಾಡ ಕಡೆಯವ್ರು. ನಕ್ಕು, "ಅಪ್ಪಾರನ್ನ ಕರಿಯವಾ, ಅವರಿಗೆ ನೀನ ಉತ್ತರ ಕೊಡು" ಅಂದ್ರು.

ಕಾವೇರಿ ಅಪ್ಪನ ಕಡೆ ತಿರುಗಿದ್ಲು. "ಅಪ್ಪಾ, ನೀ ನಾಟಕದಾಗ ಹಾಡೂ ಮುಂದ ತಾಳ ತಪ್ಪಿದ್ರ ಹಾರ್ಮೋನಿಯಂ ಪೇಟಿ ಬಾರಸೂ ಮಾಸ್ತರು ಬೈತಾರಲ್ಲ, ತಾಳ ಅಂದ್ರ ಲೆಕ್ಕಾನ ಅಲ್ಲೇನು?"

ಇವ್ರು ಫೋನಿನ ಹತ್ರ ಬಂದ್ರು. ಆಮ್ಯಾಲ ಮೇಡಂಗ, "ಖರೇ ಐತ್ರಿ. ಹಾಡಿ ತೋರಿಸ್ಲೇನ್ರಿ?" ಅಂದು, ಹೂಂ ಅನ್ನೂಕಿಂತ ಮೊದಲ ಶುರು ಮಾಡಿದ್ರು. ಮೇಡಂ ಪೂರ್ತಿ ಕೇಳಿ ಚಪ್ಪಾಳಿ ತಟ್ಟಿದ್ರು.

ಮಗಳಿಗೆ ಸೀಟು ಸಿಗ್ತೈತೋ ಇಲ್ಲೋ, ಮುಂದಿನ ವಾರ ಹೇಳ್ತಾರಂತ. ಇವ್ರು ಮಾತ್ರ ಆಗಿನಿಂದ ನನ್ನ ಬೆನ್ನು ಹತ್ಯಾರ: "ಮೇಡಂಗ ನನ್ನ ಹಾಡು ಸೇರಿರಬೇಕಲ್ಲ?"