ಸಮೀಹಾ ಮೇಡಂ ಹೇಳಿಕೊಟ್ಟ ಸಂವಿಧಾನ

ರಿಯೋನಾ ಕುವೈತಿನ ಫಹಾಹೀಲ್‌ನ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಇತಿಹಾಸದ ಟೀಚರ್. ಮನೆಮಾತು ಕೊಂಕಣಿ, ಅಪ್ಪ-ಅಮ್ಮನ ಊರು ಬಂಟ್ವಾಳ, ಹುಟ್ಟಿ ಬೆಳೆದದ್ದು ಇಲ್ಲೇ. ಹೋದ ವರ್ಷ ರಾಜ್ಯಶಾಸ್ತ್ರದ ಮೇಷ್ಟ್ರು ನಡುವೆಯೇ ಕೆಲಸ ಬಿಟ್ಟಾಗ ಅವರ ಕ್ಲಾಸು ಇವಳ ಪಾಲಿಗೆ ಬಂತು.

ಮೊದಲ ಪಾಠ ಬ್ರಿಟನ್ನಿನ ಸಂವಿಧಾನ. ಅದು ಒಂದೇ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ ಎಂದು ಇವಳು ಹೇಳಿದ್ದೇ ತಡ, ಕ್ಲೇಟನ್ ಎಂಬ ಹುಡುಗ ಎದ್ದು ನಿಂತ. “ಹಾಗಾದ್ರೆ ಯಾರು ಬೇಕಾದ್ರೂ ಮುರೀಬಹುದಲ್ವಾ ಮಿಸ್?” ನಾಳೆ ಹೇಳ್ತೇನೆ ಎಂದು ರಿಯೋನಾ ಪುಸ್ತಕ ಮುಚ್ಚಿದಳು. ಸ್ಟಾಫ್ ರೂಮಿಗೆ ಬಂದು ಅತ್ತೇಬಿಟ್ಟಳು.

ಅಲ್ಲಿದ್ದ ಸಮೀಹಾ ಮೇಡಂ ಈಜಿಪ್ಟಿನವರು. ಕಲಿಸುವುದು ಅರಬ್ಬಿ, ಓದಿದ್ದು ಕಾನೂನು. ನಡೆದದ್ದನ್ನು ಕೇಳಿಕೊಂಡು “ಯಲ್ಲಾ, ಸಂಜೆ ಮನೆಗೆ ಬಾ” ಎಂದರು.

ಬ್ನೇದ್ ಅಲ್ ಗಾರ್‌ನ ತಮ್ಮ ಫ್ಲ್ಯಾಟಿನಲ್ಲಿ ಚಹಾ ಕೊಟ್ಟು ಹೇಳತೊಡಗಿದರು. “ಬರೆದದ್ದು ಬೇಕಾದಷ್ಟಿದೆ, ಕಾಯ್ದೆಗಳು, ತೀರ್ಪುಗಳು. ಒಂದೇ ಕಡೆ ಇಲ್ಲ ಅಷ್ಟೇ. ಉಳಿದದ್ದು ರೂಢಿ. ಸಂಸತ್ತು ಒಪ್ಪಿದ ಮಸೂದೆಯನ್ನು ಮುನ್ನೂರು ವರ್ಷದಿಂದ ಯಾವ ರಾಜನೂ ನಿರಾಕರಿಸಿಲ್ಲ.”

“ರೂಢಿ ಮುರಿದರೆ?”

“1909ರಲ್ಲಿ ಮುರಿದರು. ಬಜೆಟ್ಟಿಗೆ ಅಡ್ಡ ಬರಬಾರದೆಂಬ ರೂಢಿ ಇದ್ದೂ ಮೇಲ್ಮನೆಯ ಪ್ರಭುಗಳು ಅದನ್ನು ತಳ್ಳಿಹಾಕಿದರು. ಎರಡು ಚುನಾವಣೆ ನಡೆದವು. 1911ರಲ್ಲಿ ಕೆಳಮನೆಯವರು ಕಾಯ್ದೆ ತಂದು ಆ ಅಧಿಕಾರ ಕಿತ್ತುಕೊಂಡರು. ಅಲ್ಲಿ ಸಂವಿಧಾನ ಬದಲಾಗೋಕೆ ಮಾಮೂಲಿ ಬಹುಮತದ ಕಾಯ್ದೆ ಸಾಕು. ಅನುಕೂಲವೂ ಅದೇ, ಅಪಾಯವೂ ಅದೇ.”

ಮರುದಿನ ರಿಯೋನಾ ಕ್ಲಾಸನ್ನು ಎರಡು ಸದನ ಮಾಡಿದಳು. ಪ್ರಭುವಾದ ಕ್ಲೇಟನ್ ಬಜೆಟ್ಟಿಗೆ ಖಡಾಖಂಡಿತ ಇಲ್ಲ ಎಂದ. ಎದುರು ಬೆಂಚಿನ, ಕೆಳಮನೆಯ ಆಶ್ಲಿ ಬಿಡಲಿಲ್ಲ. “ನಿಮ್ಮ ಆ ಅಧಿಕಾರ ಕಿತ್ತುಕೊಳ್ಳೋ ಕಾಯ್ದೆಗೆ ಒಪ್ಪು. ಇಲ್ಲಾಂದ್ರೆ ರಾಜನಿಗೆ ಹೇಳಿ ನಮ್ಮವರನ್ನೇ ಪ್ರಭುಗಳಾಗಿ ತಂದು ಕೂರಿಸ್ತೇವೆ!” 1911ರಲ್ಲಿ ನಿಜವಾಗಿ ಹಾಕಿದ್ದ ಬೆದರಿಕೆಯೂ ಅದೇ. ಕ್ಲೇಟನ್ ಗೊಣಗುತ್ತಲೇ ಕೈ ಎತ್ತಿದ. ಕ್ಲಾಸು ಗೊಳ್ಳೆಂದು ನಕ್ಕಿತು.

ಆಮೇಲೆ ಆ ವರ್ಷ ಮುಗಿಯುವವರೆಗೂ ಶನಿವಾರದ ಸಂಜೆ ಎಂದರೆ ಸಮೀಹಾ ಮೇಡಂ ಮನೆ. ಜೂನಿನಲ್ಲಿ ಅವರು ನಿವೃತ್ತರಾಗಿ ಅಲೆಕ್ಸಾಂಡ್ರಿಯಾಕ್ಕೆ ಹೊರಟರು. ಏರ್‌ಪೋರ್ಟಿನಲ್ಲಿ ರಿಯೋನಾ ಅವರ ಕೈ ಹಿಡಿದುಕೊಂಡಳು. “ನೀವಿಲ್ಲದಿದ್ದರೆ ಆ ಕ್ಲಾಸು ನನ್ನಿಂದ ಆಗ್ತಿರಲಿಲ್ಲ ಮೇಡಂ. ಈ ಉಪಕಾರ ಮರೆಯೋದಿಲ್ಲ.”

“ನಾನು ಕಲಿತ ಕಾನೂನು ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು ಹಬೀಬ್ತಿ” ಎಂದರು ಅವರು. “ಅದನ್ನು ಕೇಳಿದವಳು ನೀನೊಬ್ಬಳೇ. ನಾನೇ ನಿನಗೆ ಥ್ಯಾಂಕ್ಸ್ ಹೇಳಬೇಕು.”

ಈ ವರ್ಷ ರಿಯೋನಾ ತಾನಾಗಿಯೇ ಕೇಳಿ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದಾಳೆ.